ಸೆಲ್ವಿನ್ ಬೆಸ್ಟ್‌ವಿಕ್‌ನ ನಾಲ್ಕನೇ ಮಗ್ಗುಲು

ಸೆಲ್ವಿನ್ ಬೆಸ್ಟ್‌ವಿಕ್ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದ ದಿನ ಅವನ ಬೀಳ್ಕೊಡುಗೆಯಲ್ಲಿ ಬಾತುಕೋಳಿ ಕೂಗಿತು. ಒಂದೆರಡಲ್ಲ, ಒಂದು ಕೊಳ ತುಂಬುವಷ್ಟು.

ಆಸ್ಟರ್‌ಥಾರ್ಪಿನ ಗಣಿ ಕಾರ್ಮಿಕರ ಭವನದಲ್ಲಿ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನಾವೆಲ್ಲ ಸೇರಿದ್ದೆವು. ಗಣಿ ಮುಚ್ಚಿ ಎಂಟು ವರ್ಷವಾಗಿತ್ತು. ಗಣಿಯೂ ಇಲ್ಲ, ಕಾರ್ಮಿಕರೂ ಇಲ್ಲ, ಭವನ ಮಾತ್ರ ಉಳಿದಿತ್ತು. ಡ್ರೈವರುಗಳು, ಅವರ ಹೆಂಡಿರು, ಡಿಪೋ ಕಚೇರಿಯಲ್ಲಿ ಪಾಳಿ ಪಟ್ಟಿ ಬರೆಯುವ ನಾನು, ಎಲ್ಲರ ಕೈಯಲ್ಲೂ ಕಾಗದದ ತಟ್ಟೆ, ತಟ್ಟೆಯಲ್ಲಿ ಹಂದಿಮಾಂಸ ತುಂಬಿದ ಪೋರ್ಕ್ ಪೈ. ನನ್ನ ತಟ್ಟೆಯಲ್ಲಿ ಪೈ ಇರಲಿಲ್ಲ, ಉಪ್ಪಿನಕಾಯಿ ಈರುಳ್ಳಿ ಮಾತ್ರ. ಡಿಪೋ ಮ್ಯಾನೇಜರ್ ಗ್ಲೆನಿಸ್ ಹ್ಯಾಲಮ್ ಎದ್ದು ನಿಂತು ಒಂದು ಸಿ.ಡಿ.ಯನ್ನು ಮೇಲೆತ್ತಿ ತೋರಿಸಿದಳು. ಪೆಟ್ರೋಲ್ ಬಂಕಿನಲ್ಲಿ, ಕಾರಿಗೆ ನೇತುಹಾಕುವ ಸುಗಂಧದ ಬಿಲ್ಲೆಗಳ ಪಕ್ಕದಲ್ಲಿ, ಎರಡು ಪೌಂಡ್ ತೊಂಬತ್ತೊಂಬತ್ತು ಪೆನ್ಸಿಗೆ ಅವಳಿಗೆ ಸಿಕ್ಕಿತ್ತು.

“ನಮ್ಮ ಸೆಲ್ವಿನ್ ಬಸ್ಸಿಗೆ ಬರೋ ಮುಂಚೆ ಏನಾಗಿದ್ದ ಅಂತ ಎಷ್ಟು ಜನಕ್ಕೆ ಗೊತ್ತು? ಡ್ರಮ್ಮರ್ ಕಣ್ರೀ! ಅವನೇ ಕಟ್ಟಿದ ಹಾಡಿದೆ ಇದ್ರಲ್ಲಿ. ಕೇಳು ಡಕ್, ಇದು ನಿನಗೆ!” ಎಂದು ಗುಂಡಿ ಒತ್ತಿದಳು.

ಇಂಗ್ಲೆಂಡಿನ ಈ ಸೀಮೆಯಲ್ಲಿ ಎಲ್ಲರೂ ಎಲ್ಲರನ್ನೂ ‘ಡಕ್’ ಅನ್ನುತ್ತಾರೆ. ನಮ್ಮಲ್ಲಿ ‘ಕಣಮ್ಮಾ’, ‘ಮಾರಾಯಾ’ ಅಂದ ಹಾಗೆ. ಅಂಗಡಿಯವಳು ನನಗೆ ಅನ್ನುತ್ತಾಳೆ, ನಾನು ಪೋಸ್ಟ್‌ಮನ್‌ಗೆ ಅನ್ನುತ್ತೇನೆ, ಪಾದ್ರಿ ಹೆಣಕ್ಕೂ ಅಂದದ್ದನ್ನು ಕೇಳಿದ್ದೇನೆ. ಅದಕ್ಕೂ ಬಾತುಕೋಳಿಗೂ ಯಾವ ಸಂಬಂಧವೂ ಇಲ್ಲ. ಆ ಮಧ್ಯಾಹ್ನದವರೆಗೆ ಇರಲಿಲ್ಲ.

ಮೊದಲು ಒಂದು ‘ಕ್ವಾಕ್’. ಆಮೇಲೆ ನೂರು. ಆಮೇಲೆ ಸ್ನಾನದ ತೊಟ್ಟಿಯ ಬಿರಡೆ ಕಿತ್ತು ನೀರು ಗೊಳಗೊಳ ಇಳಿಯುವ ಸದ್ದು. ಅದರ ಮೇಲೆ ಒಬ್ಬ ಗಂಡಸಿನ ಗಂಭೀರ ಕಂಠ: “ನೀರೇ... ಓ ನೀರೇ...” ನೀರೆಯನ್ನು ಕರೆದಿದ್ದರೆ ಯಾವಳಾದರೂ ಓಗೊಟ್ಟಾಳು, ಈತ ನೀರನ್ನು ಕರೆದ, ಬಾತುಕೋಳಿಗಳು ಓಗೊಟ್ಟವು.

“ಇದು ನಲವತ್ತೊಂದನೇ ನಂಬರ್ ಬಸ್ಸಿನ ಹಾರ್ನ್ ಅಲ್ವೇನ್ರೋ?” ಎಂದ ಒಬ್ಬ ಡ್ರೈವರ್.

“ಏನಪ್ಪಾ ಡಕ್, ಎಲ್ಲಾ ನಿನ್ನ ಬಂಧುಗಳೇನೋ!” ಎಂದ ಇನ್ನೊಬ್ಬ.

ಭವನ ಬಿದ್ದುಹೋಗುವಂತೆ ನಕ್ಕರು. ಸೆಲ್ವಿನ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಹೋಗಿ ಪ್ಲೇಯರಿನ ವಯರು ಹಿಡಿದೆಳೆದ. ವಯರಿನ ಜೊತೆ ಮೇಜಿನ ಬಟ್ಟೆ ಬಂತು, ಬಟ್ಟೆಯ ಜೊತೆ ಪೈಗಳು ಬಂದವು, ಈರುಳ್ಳಿಗಳು ಗೋಲಿಯಂತೆ ನೆಲದ ತುಂಬ ಉರುಳಿದವು.

“ಇದು ನನ್ನ ಹಾಡಲ್ಲ!”

“ಹಾಡಲ್ಲ ಅಂತ ನಮಗೂ ಗೊತ್ತಾಯ್ತು ಬಿಡೋ!”

ಉಡುಗೊರೆಯ ಗಡಿಯಾರವನ್ನೂ ತೆಗೆದುಕೊಳ್ಳದೆ ಅವನು ಹೊರಟುಹೋದ. ನಾನೂ ನಕ್ಕವರಲ್ಲಿ ಒಬ್ಬಳು. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ. ಸಿಟ್ಟಿನ ಮಿಕ್ಕ ಪಾಲು ಲಂಡನ್ನಿಗೆ ಸಲ್ಲಬೇಕು.

ಸೆಲ್ವಿನ್ ಹುಟ್ಟಿದ್ದು ಗಣಿಯ ಬೀದಿಯಲ್ಲಿ. ಅಪ್ಪ ಈನಕ್ ಬೆಸ್ಟ್‌ವಿಕ್ ಕಲ್ಲಿದ್ದಲು ಕಡಿಯುತ್ತಿದ್ದ. ಭಾನುವಾರ ಗಣಿಯ ಬ್ಯಾಂಡಿನಲ್ಲಿ ಯೂಫೋನಿಯಂ ಎಂಬ ದೊಡ್ಡ ಹಿತ್ತಾಳೆ ವಾದ್ಯವನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಊದುತ್ತಿದ್ದ. ಮಗನಿಗೆ ಊದುವುದು ಹತ್ತಲಿಲ್ಲ, ಬಡಿಯುವುದು ಹತ್ತಿತು. ಇಪ್ಪತ್ತೊಂಬತ್ತನೇ ವಯಸ್ಸಿಗೆ ಲಂಡನ್ನಿಗೆ ಹೋಗಿ ‘ಪ್ಯೂಟರ್ ಮಾತ್’ ಎಂಬ ತಂಡ ಸೇರಿದ. ಮಾತ್ ಅಂದರೆ ಪತಂಗ. ನಮ್ಮ ಮಾತು ಅಲ್ಲ. ಅವರ ಹಾಡುಗಳಲ್ಲಿ ಮಾತು ತೀರಾ ಕಡಿಮೆ. ನಮ್ಮ ಪ್ರಗತಿಶೀಲರು ಕಾದಂಬರಿ ಬರೆದರು. ಇವರು ತಮ್ಮದನ್ನು ಪ್ರಗತಿಶೀಲ ರಾಕ್ ಎಂದು ಕರೆದುಕೊಂಡು ಒಂದೊಂದು ಹಾಡನ್ನೂ ಇಪ್ಪತ್ತು ನಿಮಿಷ ಬಾರಿಸಿದರು. ಪ್ರಗತಿ ನಿಧಾನ, ಶೀಲದ ಬಗ್ಗೆ ನಾನು ಕೇಳಿಲ್ಲ.

ಸೆಲ್ವಿನ್‌ಗೆ ತಾಳವಿತ್ತು, ತಾಳ್ಮೆ ಇರಲಿಲ್ಲ. ಕೆಂಪು ದೀಪದ ಮೇಲೂ ಮುನಿಸಿಕೊಳ್ಳುತ್ತಿದ್ದ. ಹೆಸರಿನಲ್ಲಿ ಸೆಲ್ಲೂ ಇದೆ, ವಿನ್ನೂ ಇದೆ. ಮಾರಿದ್ದೂ ಇಲ್ಲ, ಗೆದ್ದದ್ದೂ ಇಲ್ಲ. ತಂಡದ ನಾಲ್ವರೂ ‘ನಾನು ಹೆಚ್ಚು, ನಾನು ಹೆಚ್ಚು’ ಎಂದು ಕಿತ್ತಾಡಿ, ಕೊನೆಗೆ ಎಪ್ಪತ್ತೆರಡನೇ ಇಸವಿಯಲ್ಲಿ ಒಂದು ಒಪ್ಪಂದಕ್ಕೆ ಬಂದರು. ಎರಡು ರೆಕಾರ್ಡುಗಳ ಒಂದು ಆಲ್ಬಂ, ನಾಲ್ಕು ಮಗ್ಗುಲು, ತಲೆಗೊಂದು ಮಗ್ಗುಲು. ಅದಕ್ಕೆ ಸೋಲೋ ಅನ್ನುತ್ತಾರೆ. ಹೆಸರಿಗೆ ತಕ್ಕಂತೆ ನಾಲ್ವರೂ ಸೋತರು, ಎರಡು ವರ್ಷದಲ್ಲಿ ತಂಡ ಮುರಿಯಿತು. ಸೆಲ್ವಿನ್ ಊರಿಗೆ ಮರಳಿ ಬಸ್ಸಿನ ಸ್ಟಿಯರಿಂಗ್ ಹಿಡಿದ.

ಬೀಳ್ಕೊಡುಗೆಯ ಮರುದಿನವೇ ಅವನು ಆ ಹಳೆಯ ಆಲ್ಬಮ್ಮನ್ನು ಕಂಕುಳಲ್ಲಿಟ್ಟುಕೊಂಡು ಡಿಪೋ ಕ್ಯಾಂಟೀನಿಗೆ ಬಂದ. ಜೊತೆಗೆ ಗಣಿಯ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದ ಹೆಡ್ಲಿ ಟರ್ಟನ್, ಎಂಬತ್ತೊಂದರ ಮುದುಕ. ಎದೆಯಲ್ಲಿ ಗಣಿಯ ಧೂಳು, ನಾಲಿಗೆಯಲ್ಲಿ ಮೆಣಸು.

“ಬಾ ಹುಡುಗಾ, ಕೂತ್ಕೊ, ಬಿ.ಪಿ. ಏರುತ್ತೆ,” ಎಂದ ಹೆಡ್ಲಿ. ಇಲ್ಲಿ ಗಂಡಸು ಸಾಯುವವರೆಗೂ ಹುಡುಗನೇ.

“ಏರಲಿ! ನೋಡು ಡಕ್,” ಎಂದು ಸೆಲ್ವಿನ್ ನನ್ನ ಕಡೆ ತಿರುಗಿ, ಆ ಪದ ತನ್ನ ಬಾಯಿಂದಲೇ ಬಂದದ್ದಕ್ಕೆ ಇನ್ನಷ್ಟು ಕೆರಳಿ, ಎರಡು ರೆಕಾರ್ಡನ್ನೂ ಮೇಜಿನ ಮೇಲೆ ಹರಡಿದ.

ಅವುಗಳ ನಡುವಿನ ಚೀಟಿಯಲ್ಲಿ ಹೆಸರೂ ಇಲ್ಲ, ನಂಬರೂ ಇಲ್ಲ. ಒಂದರಲ್ಲಿ ಮೀನು, ಒಂದರಲ್ಲಿ ಏಣಿ, ಒಂದರಲ್ಲಿ ಕಣ್ಣು, ಒಂದರಲ್ಲಿ ಕೆಟಲ್.

“ಹೆಸರು ಯಾಕಿಲ್ಲ?”

“ಹೆಸರು ಹಾಕೋದು ವ್ಯಾಪಾರಿ ಬುದ್ಧಿ ಅಂತ ಆಬ್ರಿ ಅಂದ. ನಾವೂ ಹೌದು ಅಂದ್ವಿ. ಕತ್ತೆಗಳು!”

ಆಬ್ರಿ ಕ್ವೆನೆಲ್ ತಂಡದ ಆರ್ಗನ್ ವಾದಕ. ಈಗ ಟಿ.ವಿ. ಜಾಹೀರಾತುಗಳಿಗೆ ರಾಗ ಕಟ್ಟುತ್ತಾನೆ. ನಾಡಿಗೆಲ್ಲ ಗೊತ್ತಿರುವ ಸೋಪಿನ ರಾಗ ಅವನದೇ.

ಆ ಕಾಲದ ಕೆಲವು ಪ್ಲೇಯರುಗಳಲ್ಲಿ ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿಡಬಹುದಿತ್ತಂತೆ. ಮೊದಲನೆಯದು ಮುಗಿದರೆ ಎರಡನೆಯದು ತಾನೇ ಅದರ ಮೇಲೆ ಬೀಳುತ್ತಿತ್ತು. ಎರಡೂ ಮುಗಿದ ಮೇಲೆ ಇಡೀ ಅಟ್ಟಿಯನ್ನು ಒಂದೇ ಸಲಕ್ಕೆ ಮಗುಚಿ ಹಾಕಿದರೆ ಸರಿ. ಹಾಗೆ ವರಸೆಯಾಗಿ ನುಡಿಯಬೇಕಾದರೆ ಒಂದನೇ ಮಗ್ಗುಲಿನ ಬೆನ್ನಿಗೆ ನಾಲ್ಕನೆಯದು, ಎರಡನೆಯದರ ಬೆನ್ನಿಗೆ ಮೂರನೆಯದು ಇರಬೇಕು. ಸೋಮಾರಿಗಳಿಗಾಗಿ ಮಾಡಿದ ಜಾಣತನ. ಇಪ್ಪತ್ತನಾಲ್ಕು ವರ್ಷವಾದ ಮೇಲೆ ಲಂಡನ್ನಿನ ಒಂದು ಅಗ್ಗದ ಕಂಪನಿಯಲ್ಲಿ, ಮೂಲ ಟೇಪು ಹುಡುಕಲು ಸೋಮಾರಿಯಾದ ಯಾವನೋ ಈ ರೆಕಾರ್ಡನ್ನೇ ತಿರುಗಿಸಿ ಸಿ.ಡಿ. ಮಾಡಿದ. ಒಂದರ ಬೆನ್ನಿಗೆ ಎರಡಿರುತ್ತದೆ ಎಂದು ನಂಬಿದ. ಹೀಗೆ ನಾಲ್ಕನೇ ಮಗ್ಗುಲಿನ ಸೆಲ್ವಿನ್‌ನ ಹಾಡು ಎರಡನೇ ಮಗ್ಗುಲಿನ ಆಬ್ರಿಯ ಹೆಸರಿಗೆ ಹೋಯಿತು. ಮೂರನೇ ಮಗ್ಗುಲಿನ ಬಾಸ್ ಗಿಟಾರಿನವನು ತನ್ನ ಸ್ನಾನದ ಮನೆಯಲ್ಲೂ ಊರ ಕೊಳದಲ್ಲೂ ಹಿಡಿದ ಬಾತುಕೋಳಿ ಕಾವ್ಯ ಸೆಲ್ವಿನ್‌ನ ಹೆಸರಿಗೆ ಬಂತು. ಸಂಕಲನ ಎಂದು ಹೆಸರು, ಮಾಡಿದ್ದೆಲ್ಲ ವ್ಯವಕಲನ. ಮುಖಪುಟದಲ್ಲಿ ಪತಂಗದ ಬದಲು ಚಿಟ್ಟೆಯ ಚಿತ್ರ ಬೇರೆ.

“ತಪ್ಪು ಯಾರಿಗೂ ಆಗುತ್ತೆ. ಒಂದು ಕಾಗದ ಬರೆದ್ರೆ ತಿದ್ದುತಾರೆ,” ಎಂದೆ.

ಸೆಲ್ವಿನ್ ಸಿ.ಡಿ.ಯ ಜೊತೆ ಬಂದ ಪುಟ್ಟ ಪುಸ್ತಿಕೆಯನ್ನು ನನ್ನ ಮುಂದೆ ತಳ್ಳಿದ. ಓದಿದೆ. ನನಗೂ ಮೈ ಉರಿಯಲು ಶುರುವಾದದ್ದು ಆಗ.

ಸೆಲ್ವಿನ್‌ನ ಆ ಹನ್ನೊಂದು ನಿಮಿಷದ ಹಾಡಿನ ಹೆಸರು ‘ಮಧ್ಯಾಹ್ನದ ಪಾಳಿ’. ಅದರಲ್ಲಿ ಅವನ ಡ್ರಮ್ಮಿನ ಜೊತೆ ಆಸ್ಟರ್‌ಥಾರ್ಪಿನ ಗಣಿಯ ಬ್ಯಾಂಡಿದೆ. ಶನಿವಾರ ಬೆಳಿಗ್ಗೆ ಪಾಳಿ ಮುಗಿಸಿ, ಮುಖ ತೊಳೆದು, ಬಸ್ಸು ಮಾಡಿಕೊಂಡು ಲಂಡನ್ನಿಗೆ ಹೋಗಿ ಊದಿ ಬಂದವರು. ಹಳೆಯ ಹೊದಿಕೆಯ ಮೇಲೆ ಇಪ್ಪತ್ತಮೂರು ಹೆಸರು ಅಚ್ಚಾಗಿವೆ, ಮೊದಲನೆಯದು ಈನಕ್ ಬೆಸ್ಟ್‌ವಿಕ್. ಗಣಿ ಹೋಯಿತು, ಬ್ಯಾಂಡು ಹೋಯಿತು, ವಾದ್ಯಗಳನ್ನು ಯಾರೋ ತೂಕಕ್ಕೆ ಕೊಂಡರು. ಆ ಬ್ಯಾಂಡಿನ ಸದ್ದು ಈ ಭೂಮಿಯ ಮೇಲೆ ಉಳಿದಿರುವುದು ಈ ಹನ್ನೊಂದು ನಿಮಿಷ ಮಾತ್ರ.

ಅದನ್ನು ಕೇಳಿದ ಪುಸ್ತಿಕೆಯ ಲೇಖಕ ಬರೆದಿದ್ದ: ‘ಕ್ವೆನೆಲ್ ಇಲ್ಲಿ ಲಂಡನ್ನಿನ ನುರಿತ ಹಿತ್ತಾಳೆ ವಾದಕರನ್ನು ಕೂಡಿಸಿಕೊಂಡು ಭವ್ಯತೆಯನ್ನು ಸಾಧಿಸಿದ್ದಾರೆ.’ ಬಾತುಕೋಳಿಗಳನ್ನು ಕೇಳಿದ ಅದೇ ಲೇಖಕ ಬರೆದಿದ್ದ: ‘ಬೆಸ್ಟ್‌ವಿಕ್ ತನ್ನ ಊರಿನ ಗಣಿ ಕಾರ್ಮಿಕರಿಂದ ನುಡಿಸಿದ್ದು. ಒರಟು, ಆದರೆ ಪ್ರಾಮಾಣಿಕ ಪ್ರಯತ್ನ.’

ಒಬ್ಬ ಮನುಷ್ಯ, ಎರಡು ಕಿವಿ ಇರುವ ಮನುಷ್ಯ, ಬಾತುಕೋಳಿ ಕೂಗಿದ್ದನ್ನು ಕೇಳಿ ಇದು ಗಣಿಯವರು ಊದುತ್ತಿರುವುದು ಎಂದುಕೊಂಡ. ಗಣಿಯವರಿಗೆ ಇಷ್ಟೇ ಬರುವುದು ಎಂದುಕೊಂಡ. ಚೆನ್ನಾಗಿ ಊದಿದ್ದು ಕೇಳಿದರೆ, ಓಹೋ, ಇವರು ಲಂಡನ್ನಿನವರೇ ಇರಬೇಕು! ಮಗ್ಗುಲು ತಪ್ಪಿದ್ದು ಕೈತಪ್ಪು ಎನ್ನೋಣ. ಇದು ಕೈತಪ್ಪಲ್ಲ.

“ಪ್ರಾಮಾಣಿಕವಂತೆ!” ಹೆಡ್ಲಿ ಕೆಮ್ಮಿದ. “ನಾನು ನಲವತ್ತು ವರ್ಷ ಕಾರ್ನೆಟ್ ಊದ್ದೋನು. ಒಂದು ದಿನ ಕ್ವಾಕ್ ಅಂದಿದ್ರೆ ಬ್ಯಾಂಡ್ ಮಾಸ್ಟರು ನನ್ನನ್ನ ಗಣಿ ಬಾವಿಗೆ ತಳ್ಳಿರೋರು.”

“ಇಪ್ಪತ್ತಮೂರು ಹೆಸರೂ ಅಚ್ಚಾಗ್ಬೇಕು,” ಎಂದ ಸೆಲ್ವಿನ್. “ನನ್ನ ಹೆಸರು ಬಿಟ್ರೂ ಬಿಡ್ಲಿ. ಇನ್ನು ಆರೇ ಜನ ಉಳ್ಕೊಂಡಿರೋದು. ಈ ಮುದುಕನ ಉಸಿರು ನೋಡು.”

“ನನ್ನ ಉಸಿರಿನ ಲೆಕ್ಕ ನಿನಗ್ಯಾಕೋ?”

“ಬರಿ,” ಎಂದ ಸೆಲ್ವಿನ್ ನನಗೆ.

ಕಾನ್ವೆಂಟಿನ ಸಿಸ್ಟರುಗಳು ನನಗೆ ಗಟ್ಟಿಯಾಗಿ ಕಲಿಸಿದ್ದು ಎರಡೇ: ಕೂತಾಗ ಮಂಡಿ ಮುಚ್ಚಿಕೊಳ್ಳುವುದು, ಬೈಯುವಾಗ ‘ಮಾನ್ಯರೇ’ ಎಂದು ಶುರುಮಾಡುವುದು. ಸೆಲ್ವಿನ್ ಹೇಳಿದ, “ನಿಮ್ಮ ಕಿವಿಗೆ ಸೀಸ ಹುಯ್ಯ ಅಂತ ಬರಿ.” ನಾನು ಬರೆದೆ, ‘ತಮ್ಮ ಶ್ರವಣಶಕ್ತಿಯ ಬಗ್ಗೆ ನಮಗೆ ಕಳವಳವಾಗಿದೆ.’ ಅವನು ಹೇಳಿದ, “ಬಡ್ಡೀಮಕ್ಳಾ, ನಾನೇ ಬಂದು ಒದೀತೀನಿ.” ನಾನು ಬರೆದೆ, ‘ಅಗತ್ಯವಿದ್ದಲ್ಲಿ ಖುದ್ದಾಗಿ ಭೇಟಿಯಾಗಲು ಸಿದ್ಧರಿದ್ದೇವೆ.’ ಕೊನೆಗೆ ನನ್ನದೇ ಒಂದು ಸಾಲು ಸೇರಿಸಿ ಓದಿದೆ: ‘ಆ ಇಪ್ಪತ್ತಮೂವರಲ್ಲಿ ಒಬ್ಬರು ಇವರ ತಂದೆ, ಮಗನ ಡ್ರಮ್ಮಿನ ಪಕ್ಕದಲ್ಲಿ ತಂದೆಯ ಉಸಿರಿದೆ.’ ಚಹಾ ಕಲಕುತ್ತಿದ್ದ ಹೆಡ್ಲಿಯ ಚಮಚ ನಿಂತಿತು. ನನ್ನ ವಾಕ್ಯಕ್ಕೆ ಮರುಳಾದ ಎಂದುಕೊಂಡು ನಾನು ಹಿಗ್ಗಿದೆ. ಸೆಲ್ವಿನ್ ಕಿಟಕಿಯಾಚೆ ನೋಡುತ್ತ ಸಹಿ ಹಾಕಿದ.

ಐದು ವಾರಕ್ಕೆ ಉತ್ತರ ಬಂತು. ಈಗ ಅಚ್ಚಾಗಿರುವ ಹೆಸರನ್ನು ಬದಲಿಸಬೇಕಾದರೆ, ಯಾರ ಹೆಸರು ಅಚ್ಚಾಗಿದೆಯೋ ಅವರೇ ಲಿಖಿತ ಒಪ್ಪಿಗೆ ಕೊಡಬೇಕಂತೆ. ಅಂದರೆ ಕದ್ದ ಮಾಲು ಯಾರ ಮನೆಯಲ್ಲಿ ಸಿಕ್ಕಿದೆಯೋ ಅವನು ಸಹಿ ಹಾಕಿದರೆ ಮಾತ್ರ ಅದು ಕಳ್ಳಮಾಲು. ಸಹಿಗೆಂದು ಒಂದು ನಮೂನೆ ಕಾಗದ ಇಟ್ಟಿದ್ದರು.

ಆಬ್ರಿ ಕ್ವೆನೆಲ್‌ಗೆ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಅವನ ಕಾರ್ಯದರ್ಶಿ ಅವನ ಒಂದು ಫೋಟೋ ಕಳಿಸಿದಳು, ಕೆಳಗೆ ಸಹಿ ಇತ್ತು. ಸಹಿ ಕೇಳಿದ್ದೆವಲ್ಲ! ಮೂರನೆಯದಕ್ಕೆ ಅದೇ ಫೋಟೋ, ಸ್ವಲ್ಪ ದೊಡ್ಡದು.

ಈ ನಡುವೆ ಒಂದು ಸಂಗೀತ ಪತ್ರಿಕೆ ಆ ಹನ್ನೊಂದು ನಿಮಿಷವನ್ನು ‘ಕ್ವೆನೆಲ್ ಅವರ ಬದುಕಿನ ಶಿಖರ’ ಎಂದು ಹೊಗಳಿತು. ಊರಲ್ಲೋ, ಸೆಲ್ವಿನ್ ಬ್ರೆಡ್ಡಿಗೆ ಹೋದರೂ ಕ್ವಾಕ್, ಔಷಧಿಗೆ ಹೋದರೂ ಕ್ವಾಕ್. ಹುಟ್ಟಿದಾಗಿನಿಂದ ಪ್ರೀತಿಯಿಂದ ಅನ್ನಿಸಿಕೊಂಡ ಪದವೇ ಚೂರಿಯಾಗಿತ್ತು. ಅಂಗಡಿಯ ಹೆಂಗಸು ಯಾವ ಕುಹಕವೂ ಇಲ್ಲದೆ “ಇನ್ನೇನು ಬೇಕು ಡಕ್?” ಅಂದದ್ದಕ್ಕೆ ಅವನು ಹಾಲಿನ ಬಾಟಲಿ ಕುಕ್ಕಿ, “ಮರ್ಯಾದೆ ಬೇಕು!” ಎಂದು ಕೂಗಿ ಬಂದ. ಆಕೆ ಅತ್ತಳಂತೆ. ಆಮೇಲೆ ಊರವರು ಅವನಿಗೆ ಏನೂ ಅನ್ನುವುದನ್ನೇ ಬಿಟ್ಟರು. ಆಸ್ಟರ್‌ಥಾರ್ಪಿನಲ್ಲಿ ಬರೀ ‘ಮಿಸ್ಟರ್ ಬೆಸ್ಟ್‌ವಿಕ್’ ಅನ್ನಿಸಿಕೊಳ್ಳುವುದೆಂದರೆ ಊರಿಂದ ಹೊರಗೆ ಹಾಕಿದ ಹಾಗೆ.

ಸೆಪ್ಟೆಂಬರಿನ ಒಂದು ಶನಿವಾರ ಆಬ್ರಿ ಕ್ವೆನೆಲ್ ನಾಟಿಂಗ್‌ಹ್ಯಾಮಿನ ಒಂದು ರೆಕಾರ್ಡ್ ಅಂಗಡಿಗೆ ಬರುತ್ತಾನೆಂದು ಪತ್ರಿಕೆಯಲ್ಲಿ ಬಂತು. ಸಿ.ಡಿ. ಕೊಂಡವರಿಗೆ ಸಹಿ ಹಾಕಿಕೊಡುತ್ತಾನಂತೆ. ಮಧ್ಯಾಹ್ನದ ಬಸ್ಸಿಗೆ ನಾವು ಮೂವರೂ ಹೊರಟೆವು. ದಾರಿಯುದ್ದಕ್ಕೂ ಸೆಲ್ವಿನ್ ಡ್ರೈವರಿನ ಗೇರು ಸರಿಯಿಲ್ಲ ಎಂದು ಬೈದ.

ಅಂಗಡಿಯಲ್ಲಿ ಮೂವತ್ತು ಜನರ ಸಾಲು. ಸ್ಪೀಕರಿನಲ್ಲಿ ಆ ಸಿ.ಡಿ. ಮೆಲ್ಲಗೆ ನುಡಿಯುತ್ತಿತ್ತು. ಸೆಲ್ವಿನ್ ಸಾಲು ಮುರಿದು ಮೇಜಿನ ಮುಂದೆ ಹೋಗಿ ನಿಂತ. ಕ್ವೆನೆಲ್‌ಗೆ ಬೆಳ್ಳಿ ಕೂದಲು, ನೇರಳೆ ಸ್ಕಾರ್ಫು.

“ಯಾರ ಹೆಸರಿಗೆ ಬರೀಲಿ?” ಎಂದ ತಲೆ ಎತ್ತದೆ.

“ನನ್ನ ಹೆಸರಿಗೆ ಬರಿ. ಅದಕ್ಕೇ ಬಂದಿರೋದು.”

ಕ್ವೆನೆಲ್ ತಲೆ ಎತ್ತಿದ. “ಸೆಲ್ವಿನ್! ಅಯ್ಯೋ ನನ್ನಪ್ಪಾ! ಬದುಕಿದ್ದೀಯಾ?”

“ಮೂರು ಕಾಗದ ಹಾಕಿದ್ದೆ. ಸತ್ತೋರು ಕಾಗದ ಹಾಕ್ತಾರಾ?”

“ಕಾಗದ ಎಲ್ಲ ಆ ಹುಡುಗಿ ನೋಡ್ಕೋತಾಳೆ...” ನಾನು ಮುಂದಿಟ್ಟ ನಮೂನೆಯನ್ನು ಕ್ವೆನೆಲ್ ಓದಿ ಮೂಗಿನ ಮೇಲೆ ಕನ್ನಡಕ ಸರಿಸಿದ. “ನೋಡು ಸೆಲ್ವಿನ್, ನಿಜ ಹೇಳ್ತೀನಿ. ನನಗೆ ಎಪ್ಪತ್ತೆರಡನೇ ಇಸವಿಯೇ ನೆನಪಿಲ್ಲ. ಮೊನ್ನೆ ಈ ಹಾಡು ಕೇಳಿ ಕಣ್ಣೀರು ಬಂತು. ಛೇ, ನಾನೂ ಒಂದು ಒಳ್ಳೇದು ಮಾಡಿದ್ದೆನಲ್ಲ ಅನ್ನಿಸ್ತು. ಪತ್ರಿಕೆಯವರು ನನ್ನ ಶಿಖರ ಅಂತ—”

“ಶಿಖರ! ನೀನು ಹತ್ತಿದ್ದೇ ಇಲ್ವಲ್ಲೋ! ಅದು ಗಣಿ! ಕೆಳಗೆ ಇಳಿದೋರ ಹಾಡು ಅದು!” ಸೆಲ್ವಿನ್ ಮೇಜು ಗುದ್ದಿದ. ಸಾಲಿನವರು ಹಿಂದೆ ಸರಿದರು. ಅಂಗಡಿಯವನು ಫೋನಿಗೆ ಕೈ ಹಾಕಿದ.

ಆಗ ಹೆಡ್ಲಿ ಊರುಗೋಲು ಊರಿಕೊಂಡು ಮುಂದೆ ಬಂದ.

“ನನ್ನ ಗುರುತು ಸಿಕ್ತಾ ಸ್ವಾಮೀ?”

“ಇಲ್ಲವಲ್ಲ.”

“ನನ್ನ ಬುತ್ತಿ ನೆನಪಿರಬೇಕು. ತಗಡಿನ ಡಬ್ಬಿ. ಒಳಗೆ ಬನ್ನು, ಚೀಸು, ಹಸಿ ಈರುಳ್ಳಿ. ನಾವು ಸ್ಟುಡಿಯೋ ಒಳಗೆ ಊದ್ತಾ ಇದ್ವಿ, ನೀನು ಹೊರಗೆ ಬೆಂಚಿನ ಮೇಲೆ ಕೂತು ಎರಡೂ ಬನ್ನು ತಿಂದೆ. ಆ ಹಾಡಲ್ಲಿ ನೀನು ಬಾರಿಸಿದ್ದು ನನ್ನ ಡಬ್ಬಿ ಮುಚ್ಚಳ ಒಂದೇ. ನಾನು ಲಂಡನ್ನಿಂದ ಊರತನಕ ಖಾಲಿ ಹೊಟ್ಟೇಲಿ ಬಂದೆ ಕಣಯ್ಯಾ, ಇಪ್ಪತ್ನಾಲ್ಕು ವರ್ಷ ಆಯ್ತು, ಇನ್ನೂ ಹೊಟ್ಟೆ ಉರೀತಿದೆ!”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕ್ವೆನೆಲ್‌ನ ಮುಖದಲ್ಲಿ ಏನೋ ಅಲುಗಾಡಿತು.

“ಈರುಳ್ಳಿ,” ಎಂದ ಮೆಲ್ಲಗೆ. “ಬೆಂಚು... ಹೌದು. ಗಾಜಿನಾಚೆ ಕರೀ ಕೋಟಿನ ಗಂಡಸರು. ಎಂಥ ಈರುಳ್ಳಿ ಅದು! ಮೂರು ದಿನ ಬಾಯಿ ವಾಸನೆ ಹೋಗಲಿಲ್ಲ.” ಅವನು ನಮೂನೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಪೆನ್ನಿನ ಮುಚ್ಚಳ ತೆಗೆದ. ಅಳುವ ಮುಖ ಮಾಡಿಕೊಂಡೇ ಸಹಿ ಹಾಕಿದ. ಎದ್ದುನಿಂತು, ವೇದಿಕೆಯವನಲ್ಲವೇ, ದನಿ ಎತ್ತರಿಸಿ ಸಾಲಿನವರಿಗೆ ಸಾರಿದ: “ಈ ಹಾಡು ನನ್ನದಲ್ಲ. ಇದು ಸೆಲ್ವಿನ್ ಬೆಸ್ಟ್‌ವಿಕ್‌ದು, ಇವರ ಊರಿನ ಇಪ್ಪತ್ತಮೂರು ಜನರದು!”

ಮೂವತ್ತು ಜನ ಚಪ್ಪಾಳೆ ತಟ್ಟಿದರು. ನಾನು ನಮೂನೆಯನ್ನು ಕೈಚೀಲಕ್ಕೆ ಸೇರಿಸಿ ಜಿಪ್ ಎಳೆದೆ. ಸೆಲ್ವಿನ್‌ಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಇಷ್ಟು ತಿಂಗಳು ಕಾಸಿದ ಸಿಟ್ಟನ್ನು ಒಂದು ಸಹಿ ಆರಿಸುವುದಾದರೂ ಹೇಗೆ? ಮುಷ್ಟಿ ಬಿಗಿದುಕೊಂಡೇ ನಿಂತಿದ್ದ.

ಸ್ಥಳೀಯ ಪತ್ರಿಕೆಯ ವರದಿಗಾರ್ತಿಯೊಬ್ಬಳು ಕ್ವೆನೆಲ್‌ನನ್ನು ಕಾಣಲು ಬಂದವಳು ಈಗ ಕ್ವೆನೆಲ್‌ಗೆ ಬೆನ್ನು ತಿರುಗಿಸಿ ಸೆಲ್ವಿನ್‌ನ ಬಳಿ ಬಂದಳು. ನಾನು ಹಳೆಯ ಹೊದಿಕೆ ತೋರಿಸಿ, ಮೊದಲ ಹೆಸರು ಇವರ ತಂದೆಯದು ಎಂದೆ. ಅವಳ ಕಣ್ಣು ಹೊಳೆಯಿತು. ಅಂಗಡಿಯವನಿಗೆ ಹೇಳಿ ಆ ಹಾಡನ್ನು ಮೊದಲಿನಿಂದ, ದೊಡ್ಡ ದನಿಯಲ್ಲಿ ಹಾಕಿಸಿದಳು. ಹಿತ್ತಾಳೆ ನಿಧಾನವಾಗಿ ಎದ್ದಿತು, ಗಣಿಯ ಆಳದಿಂದ ಪಂಜರದ ಲಿಫ್ಟು ಮೇಲೆ ಬಂದ ಹಾಗೆ. ಹೆಡ್ಲಿ ಟೋಪಿ ತೆಗೆದ.

“ಮಿಸ್ಟರ್ ಬೆಸ್ಟ್‌ವಿಕ್,” ಎಂದಳು ವರದಿಗಾರ್ತಿ, ಪೆನ್ಸಿಲ್ ಹಿಡಿದು, ದನಿ ತಗ್ಗಿಸಿ. “ಇದರಲ್ಲಿ ನಿಮ್ಮ ತಂದೆಯವರು ಊದ್ತಿರೋದು ಯಾವುದು? ಸ್ವಲ್ಪ ತೋರಿಸ್ತೀರಾ?”

ಸೆಲ್ವಿನ್ ಹೆಡ್ಲಿಯನ್ನು ನೋಡಿದ. ಹೆಡ್ಲಿ ಅಂಗಡಿಯ ಸೂರನ್ನು ನೋಡಿದ.

“ಯಾವುದೂ ಅಲ್ಲ,” ಎಂದ ಸೆಲ್ವಿನ್. “ಅವತ್ತು ಊರಲ್ಲಿ ಫುಟ್‌ಬಾಲ್ ಮ್ಯಾಚಿತ್ತು. ಬರಲ್ಲ ಅಂದುಬಿಟ್ಟ. ಹೆಸರು ನಾನೇ ಹಾಕಿಸಿದ್ದು.”